ಹಗುರ ಲಿನಕ್ಸ್ ಮತ್ತು ನಮ್ಮ ಕನ್ನಡ: ಸ್ವಯಂಸೇವೆಯ ಒಂದು ಹೊಸ ಕ್ಷೇತ್ರ

(ಶಾಲಾ ಶತಮಾನೋತ್ಸವದ ಅಂಗವಾಗಿ ನಡೆದ ರಕ್ಷಕರ ಹಾಗೂ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ಸಿದ್ಧತೆ ಆರಂಭವಾದಂದಿನಿಂದ ನಿಮ್ಮಲ್ಲಿ ಹಲವರು "ಶಾಲೆಗೆ ಏನು ಬೇಕು?" ಎಂದು ಅಕ್ಕರೆಯಿಂದ ವಿಚಾರಿಸುತ್ತಿದ್ದೀರಿ. ಕೆಲವರು ತಮ್ಮ ಕಚೇರಿಗಳಲ್ಲಿ ಬಳಕೆ ತಪ್ಪಿದ ಕಂಪ್ಯೂಟರುಗಳನ್ನು ಮಕ್ಕಳಿಗೆ ಕೊಡಲು ಮುಂದೆ ಬಂದಿದ್ದೀರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶವಿಲ್ಲದ ಅಸಂಖ್ಯ ಕಂಪ್ಯೂಟರುಗಳು, ಕೆಟ್ಟುಹೋಗದೆಯೇ, 'ಹಳತು' ಎನಿಸಿಕೊಂಡವು. ಆದುದರಿಂದ ಇಂತಹ ದಾನಗಳು ಇನ್ನೂ ಬರುತ್ತವೆ. ಆ ಯಂತ್ರಗಳು ಮಕ್ಕಳ ಕೈಗೆ ಸೇರುವುವೋ, ಉಗ್ರಾಣದ ಮೂಲೆಯಲ್ಲಿ ಧೂಳು ತಿನ್ನುವುವೋ ಎಂಬುದು ಅವುಗಳೊಳಗೆ ನಾವು ಏನನ್ನು ತುಂಬುತ್ತೇವೆ ಎಂಬುದನ್ನು ಅವಲಂಬಿಸಿದೆ. ಇಂದಿನ ನನ್ನ ಮಾತು ಅದರ ಕುರಿತು.

ನಮ್ಮ ಮಕ್ಕಳಿಗೆ ಲಿನಕ್ಸ್ ಅಪರಿಚಿತವಲ್ಲ. 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ ಕೇರಳದ ಶಾಲೆಗಳನ್ನು ಕ್ರಮೇಣ ಸ್ವತಂತ್ರ ತಂತ್ರಾಂಶದ ಹಾದಿಗೆ ತಂದಿತು. 2017ರಲ್ಲಿ ಅದು 'ಕೈಟ್' ಸಂಸ್ಥೆಯಾಗಿ ರೂಪುಗೊಂಡಿತು. ಉಬುಂಟುವಿನ ಆಧಾರದಲ್ಲಿ ಕೈಟ್ ಸಿದ್ಧಪಡಿಸಿದ ವ್ಯವಸ್ಥೆಯಲ್ಲಿಯೇ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಜಿಯೋಜೀಬ್ರಾದಲ್ಲಿ ತ್ರಿಕೋನ ರಚಿಸುತ್ತಾರೆ, ಲಿಬ್ರೆಆಫೀಸಿನಲ್ಲಿ ಪ್ರಬಂಧ ಬರೆಯುತ್ತಾರೆ. ತರಗತಿಯ ಪಾಠಕ್ಕೆ ಆ ವ್ಯವಸ್ಥೆಯೇ ಇರಲಿ. ಅದನ್ನು ಬದಲಿಸುವ ಮಾತನ್ನು ನಾನಾಡುತ್ತಿಲ್ಲ. ಆದರೆ ಹೊಸ ವ್ಯವಸ್ಥೆಗಳು ಹೊಸ ಯಂತ್ರಗಳನ್ನು ನಿರೀಕ್ಷಿಸುತ್ತವೆ. ಹಳೆಯ ಯಂತ್ರಗಳನ್ನು ಬಹುಕಾಲ ಪೊರೆದ ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಲ್ಲಿ ಹಳೆಯ 32-ಬಿಟ್ ಪಿಸಿಗಳಿಗಾಗಿ ಸ್ಥಾಪನಾ ತಟ್ಟೆಯನ್ನು ಕೊಡಲಿಲ್ಲ. ದಾನವಾಗಿ ಬಂದ ಯಂತ್ರಗಳಿಗೆ, ಮಕ್ಕಳ ಮನೆಗಳಲ್ಲಿರುವ ಹಳೆಯ ಲ್ಯಾಪ್‌ಟಾಪುಗಳಿಗೆ ಬೇಕಾದುದು ಹಗುರವಾದ ಬೇರೊಂದು ವ್ಯವಸ್ಥೆ.

'ಹಗುರ' ಎಂದರೇನು? ಯಕ್ಷಗಾನದ ನಾಡಿನವರಾದ ನಿಮಗೆ ಇದನ್ನು ವಿವರಿಸುವುದು ಸುಲಭ. ಬಯಲಾಟಕ್ಕೆ ರಂಗಸ್ಥಳ ಬೇಕು, ಚೌಕಿ ಬೇಕು, ವೇಷಭೂಷಣ ಬೇಕು. ತಾಳಮದ್ದಳೆಗೆ ಇವಾವುವೂ ಬೇಡ. ಹಿಮ್ಮೇಳವೊಂದು, ಅರ್ಥಧಾರಿಗಳು ನಾಲ್ವರು, ಕುಳಿತುಕೊಳ್ಳಲು ಒಂದು ಚಾವಡಿ ಇದ್ದರೆ ಸಾಕು. ಪ್ರಸಂಗ ಮಾತ್ರ ಅದೇ. ಹಗುರ ಲಿನಕ್ಸ್ ಕೂಡ ಹಾಗೆಯೇ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ತಿರುಳು, ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು ಅಲ್ಲಿಯೂ ಇರುತ್ತವೆ. ತೆಗೆದುಹಾಕುವುದು ಆಡಂಬರವನ್ನು: ಭಾರವಾದ ಪರದೆವಿನ್ಯಾಸದ ಬದಲು ಜೆಡಬ್ಲ್ಯುಎಂ, ಐಸ್‌ಡಬ್ಲ್ಯುಎಂ, ಎಲ್‌ಎಕ್ಸ್‌ಕ್ಯೂಟಿಯಂತಹ ಸರಳ ವಿನ್ಯಾಸ, ದೊಡ್ಡ ಕಚೇರಿ ತಂತ್ರಾಂಶದ ಬದಲು ಅಬಿವರ್ಡ್, ಗ್ನುಮೆರಿಕ್‌ಗಳಂತಹ ಚಿಕ್ಕವು.

ಹೀಗೆ ತೆಗೆಯಲು, ಸೇರಿಸಲು, ಹಾಗೆ ಮಾಡಿದ್ದನ್ನು ಇತರರಿಗೆ ಹಂಚಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಜಿಪಿಎಲ್ ಎಂಬ ಪರವಾನಗಿಯೇ ಆ ಹಕ್ಕನ್ನು ನೀಡಿದೆ. ಹಂಚುವಾಗ ಮೂಲಸಂಕೇತವನ್ನೂ ದೊರಕುವಂತೆ ಮಾಡಬೇಕೆಂಬುದು ಅದರ ಮುಖ್ಯ ಷರತ್ತು.

ಇದಕ್ಕೊಂದು ಒಳ್ಳೆಯ ನಿದರ್ಶನ ಪಪ್ಪಿ ಲಿನಕ್ಸ್. ಆಸ್ಟ್ರೇಲಿಯದ ನಿವೃತ್ತ ಉಪನ್ಯಾಸಕ ಬ್ಯಾರಿ ಕೌಲರ್ 2003ರಲ್ಲಿ ಇದನ್ನು ಒಬ್ಬರೇ ಆರಂಭಿಸಿದರು. ಇಡೀ ವ್ಯವಸ್ಥೆಯನ್ನು ಸಂಕುಚಿತಗೊಳಿಸಿ ಒಂದು ಕಡತದಲ್ಲಿಟ್ಟು, ಯಂತ್ರ ಚಾಲೂ ಆದೊಡನೆ ಅದನ್ನು ಸ್ಮೃತಿಕೋಶಕ್ಕೆ, ಅಂದರೆ ರ‍್ಯಾಮಿಗೆ, ಏರಿಸಿಬಿಡುವುದು ಅವರ ಯುಕ್ತಿ. ಬಳಸುವವರು ಮಾಡಿದ ಬದಲಾವಣೆಗಳು ಪ್ರತ್ಯೇಕವಾದ ಇನ್ನೊಂದು ಕಡತದಲ್ಲಿ ಉಳಿಯುತ್ತವೆ. ಆದುದರಿಂದ ಹಾರ್ಡ್‌ಡಿಸ್ಕ್ ಹಾಳಾದ ಯಂತ್ರವೂ ಒಂದು ಪೆನ್‌ಡ್ರೈವಿನ ಬಲದಿಂದ ಓಡುತ್ತದೆ. ಮುಂದೆ ಅವರು 'ವೂಫ್' ಎಂಬ ರಚನಾ ಉಪಕರಣವನ್ನೂ ರೂಪಿಸಿದರು. ಬೇರೆ ವಿತರಣೆಗಳ ಸಿದ್ಧ ಪೊಟ್ಟಣಗಳನ್ನು ಆಯ್ದುಕೊಂಡು ಹೊಸ ಪಪ್ಪಿಯನ್ನು ಕಟ್ಟಲು ಅದರಿಂದ ಸಾಧ್ಯವಾಯಿತು. ಲೋಕದ ನಾನಾ ಕಡೆಗಳ ಸ್ವಯಂಸೇವಕರು ತಮ್ಮ ತಮ್ಮ ಅಗತ್ಯಕ್ಕೆ ತಕ್ಕ ಮರಿಗಳನ್ನು ರೂಪಿಸಿ 'ಪಪ್ಲೆಟ್' ಎಂದು ಕರೆದರು. ಕೌಲರ್ ಮುಂದಾಳುತನದಿಂದ ಹಿಂದೆ ಸರಿದಾಗ ಕೆಲಸ ನಿಲ್ಲಲಿಲ್ಲ. ಅದೇ ಉಪಕರಣ 'ವೂಫ್-ಸಿಇ' ಎಂಬ ಹೆಸರಿನಲ್ಲಿ ಸಮುದಾಯದ ಕೈಗೆ ಬಂತು.

ಎಲ್ಲ ಯೋಜನೆಗಳಿಗೂ ಈ ಭಾಗ್ಯವಿಲ್ಲ. 50 ಮೆಗಾಬೈಟಿನೊಳಗೆ ಇಡೀ ವ್ಯವಸ್ಥೆಯನ್ನು ತಂದಿರಿಸಿ ಬೆರಗುಗೊಳಿಸಿದ ಡ್ಯಾಮ್ ಸ್ಮಾಲ್ ಲಿನಕ್ಸ್ ಹತ್ತು ವರ್ಷಗಳಿಗೂ ಮಿಕ್ಕಿ ಸ್ಥಗಿತಗೊಂಡಿತ್ತು. 2024ರಲ್ಲಿ ಅದು ಮರಳಿ ಬಂದಾಗ ಗುರಿ ಒಂದು ಸಿಡಿಯ ಅಳತೆ, ಅಂದರೆ 700 ಮೆಗಾಬೈಟ್. 50ರಿಂದ 700ಕ್ಕೆ ಏರಿಸಿದ್ದು ಮುಖ್ಯವಾಗಿ ಕಾಲ. ಇಂದಿನ ತಂತ್ರಾಂಶಗಳೇ ಅಷ್ಟು ಹಿಗ್ಗಿವೆ. ಕ್ರಂಚ್‌ಬ್ಯಾಂಗ್ ಎಂಬ ವಿತರಣೆಯನ್ನು ಅದರ ಕರ್ತೃ 2015ರಲ್ಲಿ ನಿಲ್ಲಿಸಿದರು. ಬಳಕೆದಾರರು ಅದನ್ನು ಬನ್ಸೆನ್‌ಲ್ಯಾಬ್ಸ್ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಸ್ವಯಂಸೇವೆಯ ಕೆಲಸ ಒಬ್ಬರ ಉತ್ಸಾಹದಿಂದ ಹುಟ್ಟಬಹುದು, ಆದರೆ ಉಳಿಯುವುದು ಕೆಲಸವನ್ನು ಬರೆದಿಟ್ಟು ಕೈಬದಲಿಸುವ ಶಿಸ್ತಿನಿಂದ. ನೂರು ವರ್ಷ ಬಾಳಿದ ಶಾಲೆಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ನಮಗೆ ಅತಿ ಮುಖ್ಯವಾದ ವಿಷಯ. ವ್ಯವಸ್ಥೆಯನ್ನು ಹಗುರಗೊಳಿಸುವವರು ಮೊದಲು ಕತ್ತರಿಸುವುದು ಯಾವುದನ್ನು? ಬಹಳ ಸಲ, ತಮಗೆ ಬೇಡವಾದ ಭಾಷೆಗಳನ್ನು. ಅನುವಾದದ ಕಡತಗಳು, ಅಕ್ಷರವಿನ್ಯಾಸಗಳು, ಕೀಲಿಮಣೆಯ ಜೋಡಣೆಗಳು ಅವರ ಕಣ್ಣಿಗೆ ಅನಾವಶ್ಯಕ ಭಾರ. ಇದರಲ್ಲಿ ದುರುದ್ದೇಶವಿಲ್ಲ. ಅವರ ಊರಿನಲ್ಲಿ ಕನ್ನಡ ಓದುವವರಿಲ್ಲ, ಅಷ್ಟೆ. ಫಲವೇನೆಂದರೆ, ಅಂತಹ ಯಂತ್ರದಲ್ಲಿ ಕನ್ನಡದ ಪುಟವೊಂದನ್ನು ತೆರೆದರೆ ಅಕ್ಷರಗಳ ಬದಲು ಖಾಲಿ ಚೌಕಗಳ ಸಾಲು ಕಾಣುತ್ತದೆ. ಕನ್ನಡದ ಭಾರ ಎಷ್ಟೆಂದು ನೋಡಿದರೆ ನಗು ಬರುತ್ತದೆ. ಲೋಹಿತ್ ಕನ್ನಡದಂತಹ ಒಂದು ಮುಕ್ತ ಅಕ್ಷರವಿನ್ಯಾಸ ಒಂದು ಮೆಗಾಬೈಟನ್ನೂ ತುಂಬುವುದಿಲ್ಲ. ಅಷ್ಟನ್ನು ಹೊರಗಿಟ್ಟರೆ ಯಂತ್ರಕ್ಕೆ ಆಗುವ ಲಾಭ ಅತ್ಯಲ್ಪ. ಮಗುವಿಗೆ ಆಗುವ ನಷ್ಟ ಇಡೀ ಓದು.

ಹಾಗಾದರೆ ನಮ್ಮ ಕೆಲಸವೇನು? ಹೊಸ ವ್ಯವಸ್ಥೆಯನ್ನು ಸೊನ್ನೆಯಿಂದ ಕಟ್ಟುವುದಲ್ಲ. ಡೆಬಿಯನ್ ಅಥವಾ ಅದನ್ನು ಆಧರಿಸಿದ ಆಂಟಿಎಕ್ಸ್‌ನಂತಹ ಸಿದ್ಧ ಬುನಾದಿಯೊಂದನ್ನು ಆಯ್ದುಕೊಳ್ಳಬೇಕು. ಅದಕ್ಕೆ ಕನ್ನಡದ ಅಕ್ಷರವಿನ್ಯಾಸವನ್ನು ಸೇರಿಸಿ, 'ರಾಷ್ಟ್ರ' ಎಂಬ ಪದದ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ಪ್ರತಿ ತಂತ್ರಾಂಶದಲ್ಲಿಯೂ ನೋಡಬೇಕು. ಐಬಸ್‌ನ ಮೂಲಕ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನೂ, ಕೆ.ಪಿ. ರಾವ್ ಅವರ ಮಾದರಿಯಲ್ಲಿ ಬೆಳೆದುಬಂದ ಜೋಡಣೆಯನ್ನೂ ಅಳವಡಿಸಬೇಕು. ಜಿಕಾಂಪ್ರಿ, ಟಕ್ಸ್ ಪೇಂಟ್‌ಗಳಂತಹ ಮಕ್ಕಳ ತಂತ್ರಾಂಶಗಳನ್ನು ಆಯ್ದು ಇಡಬೇಕು. ಅನುವಾದವಾಗದೆ ಉಳಿದ ವಾಕ್ಯಗಳನ್ನು ಕನ್ನಡಕ್ಕೆ ತರಬೇಕು. ಅನುವಾದಕ್ಕೆ ಕಂಪ್ಯೂಟರ್ ಪಾಂಡಿತ್ಯ ಬೇಕಾಗಿಲ್ಲ: ಕಡತದಲ್ಲಿ ಮೂಲವಾಕ್ಯದ ಕೆಳಗೆ ಕನ್ನಡ ವಾಕ್ಯವನ್ನು ಬರೆಯುವುದಷ್ಟೆ. ನಿವೃತ್ತ ಭಾಷಾ ಅಧ್ಯಾಪಕರು ಇದಕ್ಕೆ ಎಂಜಿನಿಯರರಿಗಿಂತ ತಕ್ಕವರು. ಮಾಡಿದ ಅನುವಾದವನ್ನು ಮೂಲ ಯೋಜನೆಗೆ ಕಳುಹಿಸಿದರೆ ಅದು ಅಥಣಿಯ ಮಗುವಿಗೂ ಅಕ್ಕಲಕೋಟೆಯ ಮಗುವಿಗೂ ತಲಪುತ್ತದೆ.

ಇದರ ಮಿತಿಗಳೂ ನಿಮಗೆ ತಿಳಿದಿರಲಿ. ವ್ಯವಸ್ಥೆ ಎಷ್ಟೇ ಹಗುರವಾದರೂ ಇಂದಿನ ಜಾಲತಾಣಗಳು ಹಗುರವಾಗುವುದಿಲ್ಲ. ಒಂದು ಗಿಗಾಬೈಟ್ ರ‍್ಯಾಮಿನ ಯಂತ್ರ ಬರೆಯಲು, ಚಿತ್ರ ಬಿಡಿಸಲು, ಪಾಠದ ಕಡತ ಓದಲು ಒದಗುತ್ತದೆ. ವಿಡಿಯೊ ತರಗತಿಗೆ ಏದುಸಿರು ಬಿಡುತ್ತದೆ. ಪಪ್ಪಿಯಲ್ಲಿ ಬಳಕೆದಾರರು ಸಹಜವಾಗಿ ಸರ್ವಾಧಿಕಾರದ ಖಾತೆಯಲ್ಲಿಯೇ ಕೆಲಸ ಮಾಡುವುದರಿಂದ ಹಲವರು ಹಂಚಿಕೊಳ್ಳುವ ಪ್ರಯೋಗಶಾಲೆಗೆ ಡೆಬಿಯನ್ ಬುನಾದಿಯೇ ಮೇಲು. ಭದ್ರತೆಯ ಪರಿಷ್ಕರಣೆಗಳನ್ನು ಕಾಲಕಾಲಕ್ಕೆ ಹಾಕದ ವ್ಯವಸ್ಥೆಯನ್ನು ಅಂತರ್ಜಾಲಕ್ಕೆ ಜೋಡಿಸಬಾರದು. ಉದ್ಘಾಟನೆಯ ದಿನ ದೀಪ ಬೆಳಗಿಸುವುದು ಸುಲಭ. ಎಣ್ಣೆ ಹೊಯ್ಯುವ ಕೈ ಪ್ರತಿದಿನ ಬೇಕು.

ಆದುದರಿಂದ ಹಳೆ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಹೀಗಿದೆ. ಯಂತ್ರ ಕೊಡುವವರು ಅದರೊಂದಿಗೆ ತಿಂಗಳಿಗೆ ಒಂದು ಶನಿವಾರವನ್ನೂ ಕೊಡಿ. ತಂತ್ರಜ್ಞಾನ ಬಲ್ಲ ನಾಲ್ವರಾದರೂ ಸೇರಿ. ಯಾವ ಕೆಲಸವನ್ನೂ ಒಬ್ಬರೇ ಬಲ್ಲಂತೆ ಇರಿಸಬೇಡಿ. ಮಾಡಿದ ಪ್ರತಿ ಹೆಜ್ಜೆಯನ್ನು ಕನ್ನಡದಲ್ಲಿ ಬರೆದು ಶಾಲೆಯ ಗ್ರಂಥಾಲಯದಲ್ಲಿಡಿ. ಹೈಸ್ಕೂಲಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ; ಮುಂದಿನ ಸ್ವಯಂಸೇವಕರು ಅವರೇ. ರಕ್ಷಕರೇ, ಮನೆಯ ಅಟ್ಟದಲ್ಲಿರುವ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಶಾಲೆಗೆ ತನ್ನಿ.

ಈ ಶಾಲೆ ಆರಂಭವಾದಾಗ ನಮ್ಮ ನೆಲ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, 1956ರಲ್ಲಿ ಕೇರಳವಾಯಿತು. ಗಡಿಗೆರೆ ಸರಿದರೂ ತರಗತಿಯೊಳಗಿನ ಭಾಷೆ ಉಳಿದದ್ದು ಊರವರು ಅದನ್ನು ತಮ್ಮ ಕೆಲಸವೆಂದು ತಿಳಿದುದರಿಂದ. ಕಂಪ್ಯೂಟರಿನ ಪರದೆಯ ಮೇಲೂ ಕನ್ನಡ ತಾನಾಗಿ ಬರುವುದಿಲ್ಲ. ಯಾರಾದರೂ ಕುಳಿತು ತರಬೇಕು. ಆಸಕ್ತಿಯುಳ್ಳವರ ಹೆಸರು ಬರೆದುಕೊಳ್ಳಲು ಕಚೇರಿಯಲ್ಲಿ ಪುಸ್ತಕವೊಂದನ್ನು ಇರಿಸಿದ್ದೇವೆ. ಮೊದಲ ಕೂಟ ಮುಂದಿನ ತಿಂಗಳ ಎರಡನೆಯ ಶನಿವಾರ, ಬೆಳಗ್ಗೆ 10 ಗಂಟೆಗೆ, ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ.