ಸಾರೋಟಿಗೆ ಸೂರಿತ್ತು, ನಮ್ಮ ಮಕ್ಕಳಿಗೆ?
(ಮಾರನಹಳ್ಳಿಯಲ್ಲಿ ಯುವಕರೆದುರು ಆಡಿದ ಮಾತು)



ಬೆಂಗಳೂರಿನಿಂದ ಬಸ್ಸು ಹತ್ತಿ ಮಾರನಹಳ್ಳಿಗೆ ಬಂದಿದ್ದೀರಿ. ಕೆಳಗೆ ಶಿರಾಡಿ ಘಾಟಿ, ಸುತ್ತ ಕಾಫಿ ತೋಟ. ಈ ಮಂಜರಾಬಾದ್ ಸೀಮೆಗೆ ಬಿಳಿ ಪ್ಲಾಂಟರುಗಳು ಕಾಲಿಟ್ಟಿದ್ದು 1840ರ ದಶಕದಲ್ಲಿ. 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿನ ತೋಟದ ಬದುಕಿನ ಬಗ್ಗೆ ಪುಸ್ತಕವನ್ನೇ ಬರೆದ. ಆ ಕಾಲದ ದೊರೆ ಬಂಗಲೆಯೆಂದರೆ ಕುದುರೆಗೊಂದು ಲಾಯ, ಗಾಡಿಗೊಂದು ಕೊಟ್ಟಿಗೆ. ಸಾರೋಟಿಗೂ ಗಟ್ಟಿ ಸೂರಿತ್ತು. ಬೆವರು ಸುರಿಸಿದ ಆಳುಗಳಿಗೆ ಸಿಕ್ಕಿದ್ದು ಕೂಲಿ ಲೈನಿನ ಒಂದು ಕೋಣೆ!

ಸಾರೋಟು ಹೋಯಿತು, ಜೀಪು ಬಂತು. ಈಗ ಹಳೇ ಬಂಗಲೆಗಳು ಹೋಂಸ್ಟೇಗಳಾಗುತ್ತಿವೆ. ತಪ್ಪೆನ್ನುವುದಿಲ್ಲ, ಬೆಳೆಗಾರನ ಮನೆಯೂ ನಡೆಯಬೇಕು. ಆದರೆ ಹಿತ್ತಿಲಲ್ಲಿ ಬೀಗ ಬಿದ್ದಿರುವ ಆ ಗಾಡಿ ಕೊಟ್ಟಿಗೆ? ದಪ್ಪ ಗೋಡೆ, ಗಾಡಿ ನುಗ್ಗುವಷ್ಟು ಅಗಲದ ಬಾಗಿಲು. ಹುಡುಗರು ಕೂತು ಓದಬಹುದು, ನಾಟಕ ಕಟ್ಟಬಹುದು, ಜಗಳವಾಡಿ ಚರ್ಚೆ ಮಾಡಬಹುದು.

ಇದು ಹಗಲುಗನಸಲ್ಲ. ಮೈಸೂರಿನ ಜಯಲಕ್ಷ್ಮೀವಿಲಾಸ ನೋಡಿ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಅರಮನೆ. ಕುವೆಂಪು ಕುಲಪತಿಗಳಾಗಿದ್ದಾಗ, 1959ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಕೊಂಡಿತು. ಮಾನಸಗಂಗೋತ್ರಿ ಬೆಳೆಯಿತು. 1960ರ ದಶಕದ ಕೊನೆಗೆ ಅಲ್ಲಿ ಜಾನಪದ ವಸ್ತುಸಂಗ್ರಹಾಲಯ ತಲೆಯೆತ್ತಿತು. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯನಂಥವರು ಊರೂರು ಅಲೆದು ಕೂಡಿಹಾಕಿದ ಸೋಮನ ಮುಖವಾಡ, ಗೊಂಬೆ, ಪಾತ್ರೆ ಪರಿಕರ ಅರಮನೆಯ ಹಜಾರ ಸೇರಿದವು. ಆಳಿದವರ ಮನೆಗೆ ದುಡಿದವರ ಸಾಮಾನು ಬಂತು. ಓದುವ ಮಕ್ಕಳಿಗೆ ಬಾಗಿಲು ತೆರೆಯಿತು. ಅರಮನೆಗೆ ಆದದ್ದು ಕೊಟ್ಟಿಗೆಗೆ ಆಗದೇ?

ಇನ್ನೊಂದು ಪಾಠವೂ ಅಲ್ಲೇ ಇದೆ. ಆ ಕಟ್ಟಡ ಶಿಥಿಲವಾಯಿತು. 2000ದ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನದ ಹಣದಲ್ಲಿ ದುರಸ್ತಿಯಾಯಿತು. ಮತ್ತೆ ಹಾಳಾಗತೊಡಗಿತು. ಉದ್ಘಾಟನೆ ಒಂದು ದಿನದ ಕೆಲಸ. ಹೆಂಚು ಕೈಯಾಡಿಸುವುದು ವರ್ಷವರ್ಷದ ಕೆಲಸ. ಮಲೆನಾಡಿನ ಮಳೆ ಭಾಷಣ ಕೇಳುವುದಿಲ್ಲ!

ಇಲ್ಲಿನ ಹುಡುಗ ಹುಡುಗಿಯರು ಕಾಲೇಜಿಗೆ ಸಕಲೇಶಪುರಕ್ಕೋ ಆಲೂರಿಗೋ ಹೋಗುತ್ತಾರೆ. ತರಗತಿ ಮುಗಿದ ಮೇಲೆ ಬಸ್ಸು ಬರುವ ತನಕ, ಜಡಿಮಳೆಯಲ್ಲಿ, ಎಲ್ಲಿ ಕೂರಬೇಕು?

ಅದಕ್ಕೇ ಹೇಳುತ್ತಿದ್ದೇನೆ. ಪೇಟೆಗೆ ಹತ್ತಿರ ಇಂಥ ಕೊಟ್ಟಿಗೆ ಕಂಡರೆ ಫೋಟೋ ತೆಗೆದು ಸುಮ್ಮನಾಗಬೇಡಿ. ಮಾಲೀಕರನ್ನು ಕಾಣಿ, ಕಾಲೇಜಿನವರನ್ನು ಕರೆತನ್ನಿ. ಬಾಡಿಗೆ ಎಷ್ಟು, ಹೆಂಚಿನ ಖರ್ಚು ಯಾರದು, ಬೀಗದ ಕೈ ಯಾರ ಬಳಿ, ಎಲ್ಲವನ್ನೂ ಕನ್ನಡದಲ್ಲೇ ಕರಾರು ಬರೆಸಿ. ಪುಸ್ತಕ ನೀವು ತನ್ನಿ, ಗೋಡೆಗೆ ಸುಣ್ಣ ನಾವು ಬಳಿಯುತ್ತೇವೆ.

ದೊರೆಯ ಗಾಡಿಗೆ ಸಿಕ್ಕ ಸೂರು ಆಳಿನ ಮೊಮ್ಮಗಳಿಗೂ ಸಿಗಲಿ.