ಮನೆಯಲ್ಲೇ ಒಂದು ಮಿಂಚಂಚೆ ಕಚೇರಿ



ನೌಕರಿಗೆಂದು ಬಾರಾಮತಿಗೆ ಬಂದು ನೆಲೆಸಿದ್ದೀರಿ ಎಂದಿಟ್ಟುಕೊಳ್ಳಿ. ಅವ್ವ ವಿಜಯಪುರದಲ್ಲಿ, ತಂಗಿ ಬೆಂಗಳೂರಿನಲ್ಲಿ. ಹೊಲದ ಪಹಣಿ, ಬ್ಯಾಂಕಿನ ಕಾಗದ, ಮಕ್ಕಳ ಫೋಟೊ ಎಲ್ಲ ಓಡಾಡುವುದು ಇ-ಮೇಲ್‌ನಲ್ಲೇ. ಅವೆಲ್ಲ ನಿಜವಾಗಿ ಇರುವುದೆಲ್ಲಿ? ನೀವು ಎಂದೂ ನೋಡದ ಕಂಪನಿಯೊಂದರ ಕಂಪ್ಯೂಟರಿನಲ್ಲಿ.

ಈ ಉಚಿತ ಅಂಚೆಯ ಕಥೆಯಲ್ಲಿ ಪುಣೆಗೂ ಬೆಂಗಳೂರಿಗೂ ಪಾಲಿದೆ. ಎರಡೂ ಊರುಗಳ ಶಾಲೆಗಳಲ್ಲಿ ಓದಿದ ಸಬೀರ್ ಭಾಟಿಯಾ, ಗೆಳೆಯ ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಯಾವ ಊರಿನ ಸೈಬರ್ ಕೆಫೆಯಲ್ಲಿ ಕುಳಿತರೂ ಪತ್ರ ಓದುವ ಅನುಕೂಲ ಬಂತು. ಆದರೆ ಪುಕ್ಕಟೆ ಮನೆಗೆ ಮಾಲೀಕರು ಬೇರೆ ಇರುತ್ತಾರೆ. 2020ರ ಡಿಸೆಂಬರಿನಲ್ಲಿ ಯಾಹೂ ಗ್ರೂಪ್ಸ್ ಮುಚ್ಚಿತು. 2 ವರ್ಷ ಬಳಸದ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರಿನಲ್ಲಿ ಶುರು ಮಾಡಿತು. ತೀರಿಹೋದ ಅಪ್ಪನ ಖಾತೆಯನ್ನು ಮನೆಯವರು ಯಾರೂ ತೆರೆಯದೆ ಬಿಟ್ಟಿದ್ದರೆ, ಅವರು ಬರೆದ ಪತ್ರಗಳ ಗತಿ ಏನು? ಯೋಚಿಸಿ.

ಹಾಗಾದರೆ ಅಂಚೆ ಕಚೇರಿಯನ್ನು ಮನೆಯಲ್ಲೇ ತೆರೆಯಬಹುದೇ? ತೆರೆಯಬಹುದು. ಮೊದಲು ಬೇಕಾದದ್ದು ಯಂತ್ರವಲ್ಲ, ಹೆಸರು. ಮನೆತನದ ಹೆಸರಿನಲ್ಲೊಂದು ಡೊಮೇನ್ ಕೊಳ್ಳಿ, ಪ್ರತಿವರ್ಷ ತಪ್ಪದೆ ನವೀಕರಿಸಿ. ನಾಳೆ ಸರ್ವರ್ ಬದಲಾದರೂ ವಿಳಾಸ ಬದಲಾಗುವುದಿಲ್ಲ.

ಆಮೇಲೆ ಯಂತ್ರ. ರಾಸ್ಪ್‌ಬೆರಿ ಪೈಯಂಥ ಅಂಗೈಯಗಲದ ಕಂಪ್ಯೂಟರ್ ಒಂದು ಮನೆಗೆ ಧಾರಾಳ ಸಾಕು. ಮೆಮೊರಿ ಕಾರ್ಡ್ ಬೇಗ ಸವೆಯುತ್ತದೆ, ಆದ್ದರಿಂದ ಪತ್ರಗಳಿಗೆ ಎಸ್‌ಎಸ್‌ಡಿ ಡಿಸ್ಕ್ ಹಾಕಿ. ಪತ್ರ ಸಾಗಿಸಲು ಪೋಸ್ಟ್‌ಫಿಕ್ಸ್, ಪತ್ರಗಳನ್ನು ಇಟ್ಟುಕೊಂಡು ಕೇಳಿದಾಗ ಕೊಡಲು ಡವ್‌ಕಾಟ್. ಎರಡೂ ತಂತ್ರಾಂಶ ಉಚಿತ.

ಆದರೆ ಹಣ ಖರ್ಚು ಮಾಡುವ ಮುನ್ನ ನಿಮ್ಮ ಇಂಟರ್ನೆಟ್ ಕಂಪನಿಗೆ 3 ಪ್ರಶ್ನೆ ಕೇಳಿ. ನನಗೇ ಮೀಸಲಾದ, ಬದಲಾಗದ ಐಪಿ ವಿಳಾಸ ಕೊಡುತ್ತೀರಾ? 25ನೇ ಪೋರ್ಟ್ ತೆರೆದಿದೆಯೇ? ಆ ಐಪಿಗೆ ನನ್ನ ಡೊಮೇನಿನ ಹೆಸರನ್ನು ರಿವರ್ಸ್ ಡಿಎನ್‌ಎಸ್‌ನಲ್ಲಿ ದಾಖಲಿಸುತ್ತೀರಾ? ಮನೆ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಐಪಿ ಕೊಡುವುದು ಸಾಮಾನ್ಯ. ಹಾಗಿದ್ದರೆ ಹೊರಗಿನ ಪತ್ರ ನಿಮ್ಮ ಬಾಗಿಲಿಗೆ ಬರುವುದೇ ಇಲ್ಲ.

ಕರೆಂಟ್ ಹೋದರೆ? ಗಾಬರಿ ಬೇಡ. ಪತ್ರ ತಲುಪದಿದ್ದರೆ ಕಳಿಸುವ ಸರ್ವರ್ ಅದನ್ನು ಎಸೆದುಬಿಡುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. 4-5 ದಿನವಾದರೂ ಪ್ರಯತ್ನ ಬಿಡಬಾರದು ಎಂದು ಇ-ಮೇಲ್ ನಿಯಮವೇ ಹೇಳುತ್ತದೆ. ಒಂದು ಸಂಜೆಯ ಲೋಡ್ ಶೆಡ್ಡಿಂಗ್‌ಗೆ ಪತ್ರ ತಡವಾಗುತ್ತದೆ, ಕಳೆದುಹೋಗುವುದಿಲ್ಲ.

ಕಷ್ಟ ಇರುವುದು ಕಳಿಸುವುದರಲ್ಲಿ. ಮನೆಯ ಐಪಿಯಿಂದ ಬಂದ ಪತ್ರವನ್ನು ದೊಡ್ಡ ಕಂಪನಿಗಳು ಅನುಮಾನದಿಂದಲೇ ನೋಡಿ ಸ್ಪ್ಯಾಮ್ ಪೆಟ್ಟಿಗೆಗೆ ತಳ್ಳುತ್ತವೆ. ನಿಮ್ಮ ಡೊಮೇನಿನ ಪರವಾಗಿ ಪತ್ರ ಕಳಿಸಲು ಯಾರಿಗೆ ಹಕ್ಕಿದೆ ಎಂದು ಸಾರುವುದು ಎಸ್‌ಪಿಎಫ್, ಪತ್ರಕ್ಕೆ ಮೊಹರು ಒತ್ತುವುದು ಡಿಕಿಮ್. 2024ರ ಫೆಬ್ರವರಿಯಿಂದ ಜಿಮೇಲ್ ಈ ಎರಡರಲ್ಲಿ ಒಂದನ್ನಾದರೂ ಎಲ್ಲ ಕಳುಹಿಸುವವರಿಂದ ಕೇಳುತ್ತಿದೆ. ನೀವು ಎರಡನ್ನೂ ಮಾಡಿ. ಅದಕ್ಕೂ ಸುಲಭದ ದಾರಿ ಇದೆ. ಬರುವ ಪತ್ರ ಮನೆಗೇ ಬರಲಿ, ಹೋಗುವ ಪತ್ರವನ್ನು ಮಾತ್ರ ರಿಲೇ ಸೇವೆಯ ಕೈಗೆ ಕೊಡಿ. ಮನೆಯ ಪೆಟ್ಟಿಗೆ ನಿಮ್ಮದು, ಟಪಾಲು ಗಾಡಿ ಮಾತ್ರ ಬಾಡಿಗೆಯದು.

ಇನ್ನು ಮೊಬೈಲ್. ಡವ್‌ಕಾಟ್ ಬಳಸುವ ಐಮ್ಯಾಪ್ ಪದ್ಧತಿಯಲ್ಲಿ ಪತ್ರಗಳು ಸರ್ವರಿನಲ್ಲೇ ಉಳಿಯುತ್ತವೆ. ಫೋನಿನಲ್ಲಿ ಓದಿದ ಪತ್ರ ಕಂಪ್ಯೂಟರಿನಲ್ಲೂ ಓದಿದಂತೆ ಕಾಣುತ್ತದೆ. ಆಂಡ್ರಾಯ್ಡ್‌ನ ಥಂಡರ್‌ಬರ್ಡ್‌ನಲ್ಲಿ ಹೊಸ ಪತ್ರ ಬಂದ ತಕ್ಷಣ ಗಂಟೆ ಬಾರಿಸುತ್ತದೆ. ಐಫೋನಿನ ಮೇಲ್ ಆ್ಯಪ್ ಇಂಥ ಸರ್ವರನ್ನು ಆಗಾಗ ವಿಚಾರಿಸುತ್ತದೆ, ಆದ್ದರಿಂದ ಕೆಲವು ನಿಮಿಷ ತಡ. ಫೋನ್ ನಂಬರುಗಳಿಗೆ ಕಾರ್ಡ್‌ಡ್ಯಾವ್, ಹಬ್ಬ-ಹುಟ್ಟುಹಬ್ಬಗಳ ಕ್ಯಾಲೆಂಡರಿಗೆ ಕಾಲ್‌ಡ್ಯಾವ್ ಇವೆ. ನೆಕ್ಸ್ಟ್‌ಕ್ಲೌಡ್ ಎರಡನ್ನೂ ನಿಭಾಯಿಸುತ್ತದೆ. ಅವ್ವನ ಹೊಸ ನಂಬರನ್ನು ತಂಗಿ ಸೇರಿಸಿದರೆ ನಿಮ್ಮ ಫೋನಿಗೂ ಬರುತ್ತದೆ. ಫೋನ್ ಬಸ್ಸಿನಲ್ಲಿ ಕಳೆದರೂ ನಂಬರುಗಳು ಕಳೆಯುವುದಿಲ್ಲ. ಕಳೆದ ದಿನವೇ ಪಾಸ್‌ವರ್ಡ್ ಬದಲಿಸುವುದನ್ನು ಮಾತ್ರ ಮರೆಯಬೇಡಿ.

ಪತ್ರಗಳ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿಟ್ಟು ಊರಿನ ಮನೆಯ ಬೀರುವಿನಲ್ಲಿಡಿ. ಬಾರಾಮತಿಯ ಯಂತ್ರ ಸುಟ್ಟರೂ ವಿಜಯಪುರದಲ್ಲಿ ಪತ್ರ ಉಳಿದಿರುತ್ತದೆ. ಮತ್ತೊಂದು ಮಾತು. ಅಂಚೆ ಕಚೇರಿ ತೆರೆದವರು ಅಂಚೆಯಣ್ಣನೂ ಆಗಬೇಕು. ತಂತ್ರಾಂಶ ನವೀಕರಿಸಿ, ದಾಖಲೆ ನೋಡಿ, ವಾರಕ್ಕೊಮ್ಮೆಯಾದರೂ ಸಮಯ ಕೊಡಬೇಕು. ಪಾಸ್‌ವರ್ಡುಗಳು ಎಲ್ಲಿವೆ ಎಂಬುದು ಮನೆಯ ಇನ್ನೊಬ್ಬರಿಗೂ ಗೊತ್ತಿರಬೇಕು.

ಇಷ್ಟೆಲ್ಲ ಆಗದ ಮಾತು ಎನ್ನಿಸಿದರೆ ಬೇಸರ ಬೇಡ. ಡೊಮೇನ್ ಕೊಂಡು, ಸರ್ವರನ್ನು ಹಣ ಕೊಟ್ಟು ಬೇರೆಯವರಿಂದ ನಡೆಸಿಕೊಳ್ಳಿ. ಅದೂ ಬೇಡವೆಂದರೆ, ಈ ಭಾನುವಾರ ಹಳೆಯ ಖಾತೆಗಳನ್ನೆಲ್ಲ ಒಮ್ಮೆ ತೆರೆದು, ಪತ್ರಗಳ ಪ್ರತಿಯನ್ನು ಮನೆಯ ಡಿಸ್ಕಿಗೆ ಇಳಿಸಿಕೊಳ್ಳಿ. ಅಪ್ಪನ ಖಾತೆಯಿಂದಲೇ ಶುರು ಮಾಡಿ.