ಚಾಮಯ್ಯ ಮೇಷ್ಟ್ರು ಯಾವೂರಿನವರು, ಗೊತ್ತೇ?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಬಂದು ಬೆಂಗಳೂರಿನಲ್ಲಿ ದುಡಿಯುತ್ತಿರುವ ನಿಮಗೆ ಒಂದು ಪ್ರಶ್ನೆ. ಕೆ.ಎಸ್. ಅಶ್ವತ್ಥ್ ಹೆಸರಿನ 'ಕೆ' ಎಂದರೇನು? ಕರಗನಹಳ್ಳಿ! ಹೊಳೆನರಸೀಪುರ ತಾಲ್ಲೂಕಿನ ಹಳ್ಳಿ. ಅವರು 1925ರಲ್ಲಿ ಹುಟ್ಟಿದ್ದು ಮೈಸೂರಿನಲ್ಲಾದರೂ ಮನೆತನದ ಬೇರು ಅಲ್ಲಿಯದು.

1942ರ ಕ್ವಿಟ್ ಇಂಡಿಯಾ ಚಳವಳಿಗೆ ಧುಮುಕಿ ಓದು ಬಿಟ್ಟರು. ಆಹಾರ ನಿರೀಕ್ಷಕರ ನೌಕರಿ ಮಾಡಿದರು. ನಾಟಕದಲ್ಲಿ, ಮೈಸೂರು ಆಕಾಶವಾಣಿಯಲ್ಲಿ ದನಿ ಪಳಗಿಸಿಕೊಂಡರು. 1955ರ 'ಸ್ತ್ರೀರತ್ನ'ದಲ್ಲಿ ನಾಯಕರಾಗಿ ಬಂದವರು ನಾಯಕನ ಪಟ್ಟಕ್ಕೆ ಜೋತುಬೀಳಲಿಲ್ಲ. ಅಪ್ಪ, ಅಣ್ಣ, ನಾರದ, ಮೇಷ್ಟ್ರು... ಹೀಗೆ ಮುನ್ನೂರಕ್ಕೂ ಹೆಚ್ಚು ಚಿತ್ರಗಳು!

1972ರ 'ನಾಗರಹಾವು' ನೋಡಿ. ಯಾರಿಗೂ ಬಗ್ಗದ ರಾಮಾಚಾರಿ ಚಾಮಯ್ಯ ಮೇಷ್ಟ್ರ ಮೆಲುಮಾತಿಗೆ ತಲೆಬಾಗುತ್ತಾನೆ. ಅದೇ ಮಾತು ಅವನ ಬಾಳನ್ನೂ ಕೆಡಿಸುತ್ತದೆ. ಅಬ್ಬರವಿಲ್ಲದ ಕನ್ನಡಕ್ಕೆ ಎಷ್ಟು ಬಲ!

2010ರಲ್ಲಿ ಅವರು ತೀರಿಕೊಂಡರು. ನಾಯಕರಿಗೆ ಕಟೌಟು ಕಟ್ಟುತ್ತೇವೆ. ಪೋಷಕ ನಟರಿಗೆ?

ನಿಮ್ಮೂರಿನಲ್ಲೂ ನಾಟಕ ಆಡಿದ ಹಿರಿಯರಿದ್ದಾರೆ. ಹಬ್ಬಕ್ಕೆ ಊರಿಗೆ ಹೋದಾಗ ಅವರ ಜಗಲಿಯಲ್ಲಿ ಕೂತು ಮಾತಾಡಿಸಿ. ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದಿಡಿ. ದನಿ ಅಡಗಿದ ಮೇಲೆ ಹಾರ ಹಾಕಿ ಫಲವೇನು?